ಸ್ಯಾಂಟ್ರಿಯಿಂದ ಹಾರಿ ಬಂದ ಉಪ್ಪಿನಕಾಯಿ

ನಂಜುಂಡಪ್ಪ ತನ್ನ ನಲವತ್ತೆಂಟು ವರ್ಷಗಳ ಬಾಳಿನಲ್ಲಿ ಇಳಿಯಬೇಕಾದ ಜಾಗದಲ್ಲಿ ಇಳಿದದ್ದು ಬಹಳ ಅಪರೂಪ. ಬೆಂಗಳೂರಿನಲ್ಲಿದ್ದಾಗ ಮಾಗಡಿ ರೋಡಿನ ಬಸ್ಸು ಹತ್ತಿ, ಕಾಮಾಕ್ಷಿಪಾಳ್ಯದಲ್ಲಿ ಇಳಿಯಬೇಕಾದವನು ಸುಂಕದಕಟ್ಟೆಯಲ್ಲಿ ಕಣ್ಣು ಬಿಡುತ್ತಿದ್ದ. ಡಬ್ಲಿನ್ನಿಗೆ ಬಂದ ಮೇಲೆ ದೇಶ ಬದಲಾಯಿತೇ ಹೊರತು ಅಭ್ಯಾಸ ಬದಲಾಗಲಿಲ್ಲ. ಇಲ್ಲಿನ ಬಸ್ಸುಗಳಿಗೆ ಮೇಲಂತಸ್ತು ಬೇರೆ. ಅಲ್ಲಿ ಮುಂದಿನ ಸೀಟಿನಲ್ಲಿ ಕೂತು ಊರು ನೋಡುತ್ತಾ ಹೋದವನನ್ನು ಡಿಪೋದಲ್ಲಿ ಡ್ರೈವರು ಬಂದು ಇಳಿಸಬೇಕಾಗುತ್ತಿತ್ತು. ಇಂಥವನಿಗೆ, ಅವನ ಮನೆಯಿದ್ದ ಸ್ಯಾಂಟ್ರಿ ಬಡಾವಣೆಯದೇ ಒಂದು ಕಂಪನಿ ಕೊಟ್ಟ ಕೆಲಸವೆಂದರೆ, ಜನರಿಗೆ ದಾರಿ ತೋರಿಸುವ ಆ್ಯಪ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು. ಕಂಪನಿಯನ್ನು ದೂರುವ ಹಾಗಿಲ್ಲ. ದಾರಿ ತಪ್ಪುವುದರಲ್ಲಿ ಇಷ್ಟು ಅನುಭವವಿದ್ದವರು ಅರ್ಜಿ ಹಾಕಿದವರಲ್ಲಿ ಬೇರೆ ಯಾರೂ ಇರಲಿಲ್ಲ.

ಹೆಂಡತಿ ಪಾರ್ವತಿ ಇದನ್ನೆಲ್ಲ ಮದುವೆಯಾದ ಹೊಸದರಲ್ಲೇ ಅರ್ಥ ಮಾಡಿಕೊಂಡಿದ್ದಳು. ಮನೆಯ ಕಾರು ಅವಳೇ ಓಡಿಸುತ್ತಿದ್ದಳು. ಅಂಗಡಿಯಿಂದ ಬರುವಾಗ ಅಕ್ಕಿ ಚೀಲ, ಆಲೂಗಡ್ಡೆ, ಸೋಪಿನ ಪುಡಿ ಗಂಡನ ಕೈಗೆ. ಮೊಟ್ಟೆ ಮತ್ತು ಗಾಜಿನ ಸಾಮಾನು ತನ್ನ ಕೈಗೆ. ಒಮ್ಮೆಯೂ ಈ ನಿಯಮ ಮೀರಿದವಳಲ್ಲ. ನಂಜುಂಡಪ್ಪ ಬೇಸರ ಮಾಡಿಕೊಂಡದ್ದನ್ನು ಯಾರೂ ನೋಡಿಲ್ಲ, ಆದರೆ ಮೊಟ್ಟೆಯ ಟ್ರೇ ಹೆಂಡತಿಯ ತೋಳಿನಲ್ಲಿ ಮಗುವಿನಂತೆ ಹೋಗುವುದನ್ನು ಅವನು ಹಿಂದಿನಿಂದ ನೋಡುತ್ತಿದ್ದ.

ಹೀಗಿರುವಾಗ ಹಿಂದಿನ ಬೇಸಿಗೆಯಲ್ಲಿ ಪಕ್ಕದ ಮೀತ್ ಜಿಲ್ಲೆಯ ಒಂದು ಹಳ್ಳಿ ಮೇಳದಲ್ಲಿ ಅವನ ಬದುಕು ತಿರುಗಿತು. ಬೆನ್ನಿಗೆ ದೊಡ್ಡ ಫ್ಯಾನಿನಂಥ ಎಂಜಿನ್ ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಬಿಚ್ಚಿಕೊಂಡ ಮನುಷ್ಯನೊಬ್ಬ ಆಕಾಶದಿಂದ ಬಂದ. ಎಂಜಿನ್ ಆರಿಸಿದ. ಹೊಲದ ನಡುವೆ ಹಾಸಿದ್ದ ಊಟದ ತಟ್ಟೆಯಷ್ಟಗಲದ ಗುರುತಿನ ಮೇಲೆ, ಮನೆಯ ಕೊನೆಯ ಮೆಟ್ಟಿಲಿಳಿಯುವವನ ಹಾಗೆ ಕಾಲಿಟ್ಟು ನಿಂತ. ಇದರ ಹೆಸರು ಪ್ಯಾರಾಮೋಟರ್ ಎಂದೂ, ಇದರಲ್ಲಿ ಸ್ಪರ್ಧೆಗಳಿವೆಯೆಂದೂ, ಅಲ್ಲಿ ಎಷ್ಟು ಎತ್ತರ ಹೋದೆ ಎಂದು ಯಾರೂ ಕೇಳುವುದಿಲ್ಲ, ಹೇಳಿದ ಜಾಗದಲ್ಲಿ ಇಳಿದೆಯಾ ಎಂದಷ್ಟೇ ನೋಡುತ್ತಾರೆಂದೂ ತಿಳಿದಾಗ ನಂಜುಂಡಪ್ಪನಿಗೆ, ಸಾಯುವುದರೊಳಗೆ ಒಂದೇ ಒಂದು ಸಲ ಹಾಗೆ ಇಳಿಯಬೇಕು ಅನ್ನಿಸಿಬಿಟ್ಟಿತು.

ಕಲಿಸಲು ಸಿಕ್ಕವನು ಕೊಲಮ್ ಎಂಬ ಟ್ರಿಮ್ ಊರಿನ ಹಲ್ಲಿನ ಡಾಕ್ಟರು. ಬಾಯಿ ತೆರೆದವರು ಮಾತಾಡಲಾಗದ ಸ್ಥಿತಿಯಲ್ಲಿರುವಾಗ ತಾನೊಬ್ಬನೇ ಮಾತಾಡಿ ರೂಢಿಯಾದವನು. ಅವನ ಇಂಗ್ಲಿಷನ್ನು ಕನ್ನಡಕ್ಕಿಳಿಸಿದರೆ ಪಾಠ ಇಷ್ಟೇ: "ನಂಜ್, ಇಳಿಯುವಾಗ ಗುರುತನ್ನೇ ನೋಡು. ಅದು ಕಣ್ಣಿನಲ್ಲಿ ಮೇಲಕ್ಕೇರುತ್ತಿದ್ದರೆ ನೀನು ಮುಟ್ಟುವುದಿಲ್ಲ, ಇತ್ತಲೇ ಬೀಳುತ್ತೀ. ಕೆಳಕ್ಕೆ ಜಾರುತ್ತಿದ್ದರೆ ದಾಟಿ ಹೋಗುತ್ತೀ. ಅಲ್ಲಾಡದೆ ನಿಂತಿದ್ದರೆ ಅಲ್ಲಿಗೇ ಹೋಗುತ್ತಿದ್ದೀ ಅಂತ. ಆಮೇಲೆ ಎರಡೂ ಕೈಯ ಬ್ರೇಕು ಎಳೆದು ನಿಂತುಕೋ. ಅಷ್ಟೇ, ಗ್ರ್ಯಾಂಡ್!"

ನಂಜುಂಡಪ್ಪನ ಕಣ್ಣಿಗೆ ಗುರುತು ಮಾತ್ರ ಯಾವತ್ತೂ ನಿಲ್ಲಲಿಲ್ಲ. ಮೊದಲ ತಿಂಗಳು ಬೇಲಿಯಲ್ಲಿ ಇಳಿದ. ಎರಡನೆಯ ತಿಂಗಳು ಕುರಿಗಳ ನಡುವೆ ಇಳಿದ. ಆಮೇಲೆ ಹೊಲದೊಳಗೇ ಇಳಿಯತೊಡಗಿದನಾದರೂ ಇಳಿದದ್ದು ಕಾಲಿನ ಮೇಲಲ್ಲ. ನೆಲದಲ್ಲಿ ನೆಟ್ಟ ಕೋಲುಗಳನ್ನು ಹಾರುತ್ತಾ ಬಂದು ಕಾಲಿನಿಂದ ಒದೆಯುವ ಇನ್ನೊಂದು ಅಭ್ಯಾಸದಲ್ಲಿ ಕೋಲು ಬಿಟ್ಟು ಕೊಲಮ್‌ನ ಟೀ ಫ್ಲಾಸ್ಕನ್ನು ಒದ್ದ. "ನಿನ್ನ ರೆಕ್ಕೆ ದಪ್ಪ ಮನುಷ್ಯನಿಗೆ ಹೊಲಿದದ್ದು, ನೀನು ಹಗುರ. ಅದಕ್ಕೇ ತೇಲಿಕೊಂಡು ಹೋಗುತ್ತೀ. ಹೊಟ್ಟೆಗೆ ಏನಾದರೂ ಭಾರ ಕಟ್ಟಿಕೋ," ಎಂದು ಕೊಲಮ್ ಹೇಳಿದ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ರೆಕ್ಕೆಯ ವಿಷಯ ಹೀಗೆ ಬಯಲಾದದ್ದನ್ನು ನಂಜುಂಡಪ್ಪ ಮನೆಯಲ್ಲಿ ಹೇಳಲಿಲ್ಲ.

ಮನೆಯಲ್ಲಿ ಬೇರೆಯೇ ಕಾವು ಏರುತ್ತಿತ್ತು. ಎಂಜಿನ್ನು, ರೆಕ್ಕೆ, ಹೆಲ್ಮೆಟ್ಟು ಎಲ್ಲ ಸೇರಿ ಚಿಕ್ಕ ರೂಮನ್ನು ನುಂಗಿದ್ದವು. ಮಗಳು ಐಶುಗೆ ಇದು ಲೀವಿಂಗ್ ಸರ್ಟ್, ಅಂದರೆ ಇಲ್ಲಿನ ಪಿಯುಸಿ ಪರೀಕ್ಷೆಯ ವರ್ಷ. ಅವಳ ಓದುವ ಮೇಜು ಅಡುಗೆಮನೆಯಲ್ಲಿ ಕುಕ್ಕರಿನ ಪಕ್ಕದಲ್ಲಿತ್ತು.

"ರೀ, ಭಾನುವಾರ ಸ್ಪರ್ಧೆ ಅಂತೀರಲ್ಲ," ಎಂದಳು ಪಾರ್ವತಿ. "ಅವತ್ತು ಹೇಳಿದ ಜಾಗದಲ್ಲಿ ಇಳಿದ್ರೆ ಸರಿ. ಮಗಳ ಟೇಬಲ್ ನಮ್ಮ ರೂಮಿಗೆ ಹಾಕ್ಕೊಳ್ಳೋಣ, ನಾನೇನೂ ಅನ್ನಲ್ಲ. ಇಳೀಲಿಲ್ವಾ, ಸೋಮವಾರ ಅಷ್ಟೂ ಸಾಮಾನು ಮಾರಿಬಿಡಬೇಕು. ಕೆಳಗಿನ ಮನೆ ಮಂಜೇಶ್ ಜೊತೆ ಶಟಲ್ ಆಡೋಕೆ ಹೋಗಿ."

"ಆ್ಯಮ್ ಗ್ರ್ಯಾಂಡ್ ಇನ್ ದ ಕಿಚನ್, ಡ್ಯಾಡ್," ಎಂದು ಐಶು ಡಬ್ಲಿನ್ ರಾಗದಲ್ಲಿ, ಅಡುಗೆಮನೆಯೇ ತನಗೆ ಸಾಕೆಂದು ಹೇಳಿದಳು. ಆಗಲೇ ಕುಕ್ಕರ್ ಕೂಗಿದ್ದರಿಂದ ಅವಳ ಸಾಕ್ಷ್ಯ ಬಿದ್ದುಹೋಯಿತು.

ಇಷ್ಟರಲ್ಲಿ ಮೆಟ್ಟಿಲ ಮೇಲೆ ಅಖ್ತರ್ ಬೇಗಂ ಸಿಕ್ಕರು. ಅಖ್ತರ್ ಬೇಗಂ ತುಮಕೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಹೆಡ್‌ಮಿಸ್ ಆಗಿ ನಿವೃತ್ತರಾಗಿ, ಈಗ ಮಗ ಅತೀಫನ ಜೊತೆ ಮೇಲಿನ ಫ್ಲ್ಯಾಟಿನಲ್ಲಿದ್ದವರು. ಅವರೆದುರು ಆ ಕಟ್ಟಡದ ಕನ್ನಡಿಗರೆಲ್ಲ ತಮಗೆ ಗೊತ್ತಿಲ್ಲದೆಯೇ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು.

"ಏನಪ್ಪಾ ನಂಜುಂಡಪ್ಪ, ಭಾನುವಾರ ಟ್ರಿಮ್ ಕಡೆ ಹೊರಟಿದ್ದೀಯಂತೆ?"

"ಹೂಂ ಮೇಡಂ. ಪ್ಯಾರಾಮೋಟರ್ ಸ್ಪರ್ಧೆ ಐತೆ ಅಲ್ಲಿ."

"ಇಲ್ಲಿಂದ ಅಲ್ಲೀತನಕ ಹಾರಿಕೊಂಡೇ ಹೋಗ್ತೀಯಾ?"

ನಿಜವೇನೆಂದರೆ ಪಾರ್ವತಿ ಕಾರಿನಲ್ಲಿ ಅವನನ್ನು ಟ್ರಿಮ್‌ವರೆಗೆ ಬಿಡುತ್ತಾಳೆ, ಅಲ್ಲಿ ಒಂದು ಹೊಲದಿಂದ ಏಳುತ್ತಾನೆ, ಅದೇ ಹೊಲದಲ್ಲಿ ಇಳಿಯುತ್ತಾನೆ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೆಡ್‌ಮಿಸ್ಸಿನ ಕಣ್ಣಿನಲ್ಲಿ ಆವತ್ತು ಕಂಡ ಬೆರಗು ನಂಜುಂಡಪ್ಪನಿಗೆ ಶಾಲೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

"ಹೆಚ್ಚುಕಮ್ಮಿ ಹಂಗೇ ಮೇಡಂ," ಎಂದುಬಿಟ್ಟ.

"ಒಳ್ಳೇದಾಯ್ತು. ಅತೀಫನಿಗೆ ಭಾನುವಾರ ಡ್ಯೂಟಿ. ಟ್ರಿಮ್‌ನಲ್ಲಿರೋ ನನ್ನ ಮಗಳು ಆಮ್ನಾ ಈಗ ಏಳು ತಿಂಗಳ ಬಸುರಿ, ನನ್ನ ಕೈಯ ಮಾವಿನಕಾಯಿ ಉಪ್ಪಿನಕಾಯಿ ತಿನ್ನಬೇಕು ಅಂತ ಬಯಕೆ ಅವಳಿಗೆ. ಹೆಂಗೂ ಹೋಗ್ತಿದ್ದೀಯಲ್ಲ, ಒಂದು ಬಾಟ್ಲಿ ಕೊಡ್ತೀನಿ. ಗಾಜಿನದು. ಪ್ಲಾಸ್ಟಿಕ್ಕಿಗೆ ಹಾಕಿದ್ರೆ ರುಚಿ ಕೆಡುತ್ತೆ."

'ಹೆಂಗೂ ಹೋಗ್ತಿದ್ದೀಯಲ್ಲ' ಎಂಬ ಮಾತಿಗೆ ಎದುರಾಡುವ ಶಕ್ತಿ ನಮ್ಮ ಜನದಲ್ಲಿ ಇನ್ನೂ ಹುಟ್ಟಿಲ್ಲ. ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ಅವನ ಬಟ್ಟೆಗಿಂತ ಪಕ್ಕದ ಮನೆಯವರ ಚಟ್ನಿಪುಡಿ ಜಾಸ್ತಿ ಇರಬೇಕೆಂಬುದು ನಾವು ಕಡಲು ದಾಟಿದರೂ ಬಿಡದ ಸಂಪ್ರದಾಯ. ನಂಜುಂಡಪ್ಪ ತಲೆಯಾಡಿಸಿದ. ಸಂಜೆಯೊಳಗೆ ಮಂಜೇಶ್ ವಾಟ್ಸಾಪ್ ಗ್ರೂಪಿನಲ್ಲಿ ಡಂಗುರ ಸಾರಿದ: "ನಂಜುಂಡಪ್ಪ ಸರ್ ಭಾನುವಾರ ಸ್ಯಾಂಟ್ರಿ ಟು ಟ್ರಿಮ್, ಬೈ ಏರ್. ಏನಾದ್ರೂ ಕಳಿಸೋದಿದ್ರೆ ಶನಿವಾರದೊಳಗೆ ಕೊಡಿ."

ಬಾಡಿಗೆ ತಾಳಲಾರದೆ ಟ್ರಿಮ್ ಕಡೆಗೆ ಮನೆ ಮಾಡಿದ ಕನ್ನಡಿಗರು ಇಷ್ಟೊಂದು ಮಂದಿ ಇದ್ದಾರೆಂಬುದು ಆವತ್ತೇ ತಿಳಿದದ್ದು. ಐದು ಕಿಲೋ ರಾಗಿಹಿಟ್ಟು ಬಂತು. ಚಟ್ನಿಪುಡಿ ಬಂತು. ಹುಟ್ಟಲಿರುವ ಮಗುವಿಗೆ ಹೆಣೆದ ಟೊಪ್ಪಿಗೆ ಬಂತು. ಕ್ಯಾಸಲ್‌ನಾಕಿನಿಂದ ಹೇಮಚಂದ್ರ ಫೋನ್ ಮಾಡಿ, "ದಾರೀಲಿ ನ್ಯಾವನ್ ಸಿಗುತ್ತಲ್ಲ ಸರ್, ನಮ್ಮ ತಂಗಿ ಮನೆ ಹಿತ್ತಲಿಗೆ ಈ ಕವರು ಎಸೆದುಬಿಡಿ, ನಾಯಿ ಇಲ್ಲ," ಎಂದು ಕೇಳಿದರು. ಎಂ.ಎಸ್ಸಿ. ಓದುವ ತರುಣ್, "ಹಿಂದ್ಗಡೆ ಸೀಟ್ ಐತಾ ಸರ್? ಬಸ್ ಚಾರ್ಜ್ ಉಳಿಯುತ್ತೆ," ಎಂದು ವಿಚಾರಿಸಿದ. ಪಕ್ಕದ ಮನೆಯ ಐರಿಶ್ ಅಜ್ಜಿಗೂ ಸುದ್ದಿ ಮುಟ್ಟಿ, ಹೋಗುವಾಗ ತನ್ನ ಸೂರಿನ ಮಳೆನೀರಿನ ದೋಣಿಯಲ್ಲಿ ಕಾಗೆ ಗೂಡು ಕಟ್ಟಿದೆಯೇ ಸ್ವಲ್ಪ ಬಗ್ಗಿ ನೋಡಿಕೊಂಡು ಹೋಗಪ್ಪಾ ಎಂದಳು.

"ಈಗ್ಲಾದ್ರೂ ನಿಜ ಹೇಳ್ರೀ," ಎಂದಳು ಪಾರ್ವತಿ.

"ಹೇಳ್ತೀನಿ," ಎಂದು ನಂಜುಂಡಪ್ಪ ಹೊರಗೆ ಹೋಗಿ, ಎರಡು ಪೊಟ್ಟಣ ಹಪ್ಪಳ ಹಿಡಿದುಕೊಂಡು ವಾಪಸು ಬಂದ.

ಭಾನುವಾರ ಬೆಳಿಗ್ಗೆ ಬೀಳ್ಕೊಡಲು ಕಾರ್ ಪಾರ್ಕಿನಲ್ಲಿ ಜನ ಸೇರಿದ್ದರು. ಅಖ್ತರ್ ಬೇಗಂ ಉಪ್ಪಿನಕಾಯಿಯ ಗಾಜಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿತ್ತರು. "ಬೀಳಿಸಬೇಡಪ್ಪ," ಎಂದಷ್ಟೇ ಹೇಳಿದರು. ಗಾಜಿನ ವಸ್ತುವೊಂದನ್ನು ಯಾರಾದರೂ ತನ್ನ ಕೈಗೆ ಕೊಟ್ಟು ಎಷ್ಟು ವರ್ಷವಾಗಿತ್ತೋ, ನಂಜುಂಡಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಾರ್ವತಿ ತಕ್ಷಣ ಕೈ ಚಾಚಿದಳು, ಅವನು ಕೊಡಲಿಲ್ಲ.

"ಎಲ್ಲಿ, ಹಾರು ಮತ್ತೆ!" ಎಂದ ಮಂಜೇಶ್, ಮೊಬೈಲು ಎತ್ತಿ ಹಿಡಿದು.

ಅದೇ ಹೊತ್ತಿಗೆ ವಿಮಾನವೊಂದು ಎಲ್ಲರ ತಲೆ ಸವರಿಕೊಂಡು ಇಳಿಯಲು ಹೋಯಿತು. ನಂಜುಂಡಪ್ಪ ಅದರತ್ತ ಬೆರಳು ತೋರಿಸಿದ. "ಏರ್‌ಪೋರ್ಟ್ ಪಕ್ಕ ನಮಗೆ ಪರ್ಮಿಶನ್ ಇಲ್ಲ. ಸ್ವಲ್ಪ ದೂರ ಕಾರಲ್ಲಿ ಹೋಗಿ ಆಮೇಲೆ ಹಾರ್ತೀನಿ."

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಸ್ವಲ್ಪ ದೂರ ಟ್ರಿಮ್ ಊರು ದಾಟುವವರೆಗೂ ಇತ್ತು, ಅಷ್ಟೇ.

ಸ್ಪರ್ಧೆಯ ಬೆಳಗಿನ ಭಾಗ ಹೇಗೆ ಹೋಯಿತೆಂದು ವಿವರಿಸುವುದು ಸಜ್ಜನಿಕೆಯಲ್ಲ. ಕೋಲು ಒದೆಯುವ ಸುತ್ತಿನಲ್ಲಿ ಎಲ್ಲ ಕೋಲುಗಳೂ ನೆಟ್ಟ ಹಾಗೇ ನಿಂತಿದ್ದವು. ಉಳಿದದ್ದು ಇಳಿಯುವ ಸುತ್ತು. ಎದ್ದು ಹೊರಡುವ ಜಾಗ ಕೊಟ್ಟಿಗೆಯ ಹಿಂದೆ. ಇಳಿಯುವ ಗುರುತು ಅದರ ಮುಂದಿನ ಬಯಲಿನಲ್ಲಿ. ನಂಜುಂಡಪ್ಪನದು ಕೊನೆಯ ಸರದಿ. ಹೆಲ್ಮೆಟ್ ಹಾಕಿಕೊಳ್ಳುತ್ತಿರುವಾಗ ಕೊಟ್ಟಿಗೆಯ ಮೂಲೆಯಿಂದ ಬಗ್ಗಿ ನೋಡಿದವನು ಹೌಹಾರಿದ. ರಸ್ತೆಯಲ್ಲಿ ಸಾಲಾಗಿ ಕಾರುಗಳು ಬಂದು ನಿಲ್ಲುತ್ತಿದ್ದವು. ಆಮ್ನಾ, ಅವಳ ಗಂಡ ಶಾನವಾಜ್, ಟ್ರಿಮ್‌ನ ಅಷ್ಟೂ ಕನ್ನಡ ಸಂಸಾರಗಳು ಮಕ್ಕಳು ಮರಿ ಸಮೇತ ಇಳಿದು, ಅರೈವಲ್ ಗೇಟಿನಲ್ಲಿ ಕಾಯುವವರ ಹಾಗೆ ಆಕಾಶ ನೋಡತೊಡಗಿದ್ದರು. ಅವರು ನೋಡುತ್ತಿದ್ದದ್ದು ಡಬ್ಲಿನ್ ದಿಕ್ಕನ್ನು.

"ಈಗ ಕಾರಿನ ಡಿಕ್ಕಿಯಿಂದ ಪಾರ್ಸಲ್ ತೆಗೆದುಕೊಟ್ರೆ ನನ್ನ ಮಾನ ಏನಾಗ್ಬೇಕು, ಪಾರ್ವತಿ?"

"ಕೆಳಗೆ ಬಿದ್ರೆ ಬಾಟ್ಲಿ ಏನಾಗ್ಬೇಕು?" ಎಂದಳು ಪಾರ್ವತಿ. ಆದರೂ ಗಂಡನ ಮುಖ ನೋಡಿ, ರಾಗಿಹಿಟ್ಟಿನ ಚೀಲವನ್ನೂ ಉಳಿದ ಪೊಟ್ಟಣಗಳನ್ನೂ ಅವನ ಸೀಟಿನ ಕೆಳಗೆ ಬಿಗಿಯಾಗಿ ಕಟ್ಟಿಕೊಟ್ಟಳು. ಬಾಟಲಿಯನ್ನು ಅವನು ಜಾಕೆಟ್ಟಿನೊಳಗೆ ಎದೆಗವಚಿ ಇಟ್ಟುಕೊಂಡ. ಪಾರ್ವತಿ ಆ ಕಡೆ ಹೋಗಿ, ತಂದಿದ್ದ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನು ಆಮ್ನಾಳ ಕೈಗೆ ಕೊಟ್ಟು, "ನೀನು ಮೊದ್ಲು ತಿನ್ನಮ್ಮ, ಟೀ ತರ್ತೀನಿ," ಎಂದು ಐಶುವನ್ನು ಕರೆದುಕೊಂಡು ಚಹಾದ ಕ್ಯೂಗೆ ಹೋದಳು.

ಅನಾಹುತ ಆದದ್ದು ಆಗ. ರಾತ್ರಿ ಮಳೆ ಬಿದ್ದು ಹುಲ್ಲೆಲ್ಲ ಒದ್ದೆ. ಗರ್ಭಿಣಿಯನ್ನು ಎಲ್ಲಿ ಕೂರಿಸುವುದು? ಬಯಲಿನ ನಡುವೆ ಯಾರೋ ಪುಣ್ಯಾತ್ಮರು ದುಂಡಗಿನ, ಒಂದರೊಳಗೊಂದು ಕೆಂಪು ಬಳೆಯಂಥ ಗೆರೆಗಳಿದ್ದ, ಮದುವೆಮನೆಯ ಜಮಖಾನದಷ್ಟು ದೊಡ್ಡ ಬಟ್ಟೆಯೊಂದನ್ನು ಹಾಸಿಟ್ಟಿದ್ದರು. ಹಾಸಿದ ಬಟ್ಟೆ ಕಂಡರೆ ಚಪ್ಪಲಿ ಬಿಟ್ಟು ಕೂರುವವರು ನಾವು. ಹಿಂದಿನ ಸ್ಪರ್ಧಿ ಇಳಿದು ಹೋಗಿದ್ದ. ತೀರ್ಪುಗಾರ್ತಿ ನೋರೀನ್ ಅಂಕ ಬರೆಯಲು ಅತ್ತ ತಿರುಗಿದ್ದಳು. ಆಕೆ ಮತ್ತೆ ಇತ್ತ ತಿರುಗುವಷ್ಟರಲ್ಲಿ ಗುರುತಿನ ಸುತ್ತ ಪಂಕ್ತಿ ಕೂತಾಗಿತ್ತು. ನಟ್ಟನಡುವೆ ತಟ್ಟೆಯಷ್ಟಗಲದ ಬಿಳಿ ವೃತ್ತವಿತ್ತು. ಡಬ್ಬಿ ಇಡಲೆಂದೇ ಮಾಡಿದ್ದಾರೆಂದುಕೊಂಡು ಆಮ್ನಾ ಚಿತ್ರಾನ್ನವನ್ನು ಅದರ ಮೇಲಿಟ್ಟಳು.

ನಂಜುಂಡಪ್ಪ ಅಷ್ಟರಲ್ಲಿ ಮೇಲೆ ಇದ್ದ. ನಿಯಮದ ಪ್ರಕಾರ ಗುರುತಿನ ನೆತ್ತಿಯ ಮೇಲೆ ಬಂದು ಎಂಜಿನ್ ಆರಿಸಿದ. ಫ್ಯಾನು ನಿಂತು ಗಾಳಿಯ ಸಣ್ಣ ಸದ್ದಷ್ಟೇ ಉಳಿಯಿತು. ಆ ನಿಶ್ಶಬ್ದದಲ್ಲಿ ಕೆಳಗಿನಿಂದ, "ಒಂದು ಚೂರು ಮೊಸರು ಈ ಕಡೆ ಬರ್ಲಿ," ಎಂಬ ಕನ್ನಡ ಸ್ಪಷ್ಟವಾಗಿ ಕೇಳಿಸಿತು.

"ಏಳ್ರೀ! ಎಲ್ರೂ ಏಳ್ರೀ!" ಎಂದು ಆಕಾಶದಿಂದ ಕೂಗಿದ ನಂಜುಂಡಪ್ಪ.

ಎಲ್ಲರೂ ಕತ್ತೆತ್ತಿದರು. "ಬಂದ್ರು, ಬಂದ್ರು! ಸ್ಯಾಂಟ್ರಿಯಿಂದ ಬಂದ್ರು!" ಎಂದು ಮಕ್ಕಳು ಚಪ್ಪಾಳೆ ತಟ್ಟಿದವು.

"ಅಂಕಲ್, ಮಾವಿನಕಾಯಿದೇನಾ ತಂದಿದ್ದೀರಾ?" ಎಂದು ಆಮ್ನಾ ಕೂಗಿ ಕೇಳಿದಳು.

"ಅದೇ ಕಣಮ್ಮ! ಪಕ್ಕಕ್ಕೆ ಸರಿ, ನಾನು ಅಲ್ಲೇ ಇಳೀಬೇಕು!"

"ಇಷ್ಟು ದೊಡ್ಡ ಹೊಲ ಐತೆ, ಆ ಕಡೆ ಇಳೀರಿ ಸರ್! ಊಟ ಬಡಿಸಿ ಆಗಿದೆ!" ಎಂದರು ಯಾರೋ ಹಿರಿಯರು.

ಕೊಲಮ್ ಮತ್ತು ನೋರೀನ್ ಎರಡು ಕಡೆಯಿಂದ ಕೈ ಬೀಸುತ್ತಾ ಓಡಿಬಂದರು. ಶಾನವಾಜ್ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಗೆ ಕರೆದೊಯ್ದ. ಉಳಿದವರು ಮಕ್ಕಳನ್ನು, ಮೊಸರಿನ ಪಾತ್ರೆಯನ್ನು, ಒಬ್ಬರ ಚಪ್ಪಲಿ ಇನ್ನೊಬ್ಬರು ಹಿಡಿದುಕೊಂಡು ಚೆದುರಿದರು. ಬಯಲಿನ ಸುತ್ತ ಕಟ್ಟಿದ್ದ ಹಗ್ಗದ ಆಚೆಗೆ ಕೊನೆಯವರೂ ದಾಟಿದ ಮೇಲೆ ಬಟ್ಟೆಯ ಮೇಲೆ ಉಳಿದದ್ದು ಒಂದೇ ವಸ್ತು. ನಟ್ಟನಡುವೆ, ಆ ಕ್ಷಣ ಮೋಡದಿಂದ ಹಣಿಕಿದ ಬಿಸಿಲಿಗೆ, ಚಿತ್ರಾನ್ನದ ಡಬ್ಬಿ ಫಳಫಳ ಹೊಳೆಯುತ್ತಿತ್ತು.

ನಂಜುಂಡಪ್ಪ ಅದನ್ನೇ ನೋಡಿದ. ಇಷ್ಟು ದಿನ ಗುರುತು ನೋಡುವಾಗ ಜನ ಏನೆನ್ನುವರೋ, ಕೊಲಮ್ ಏನೆನ್ನುವನೋ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಈಗ ಎದೆಯ ಮೇಲೆ ತಣ್ಣಗೆ ಕೂತ ಬಾಟಲಿಯೊಂದೇ ನೆನಪು. ಬೀಳಬಾರದು. ಬಿದ್ದರೆ ಆ ಹುಡುಗಿಯ ಬಯಕೆ ಒಡೆದುಹೋಗುತ್ತದೆ. ಕೆಳಗೆ ಕಟ್ಟಿದ ರಾಗಿಹಿಟ್ಟಿನ ಭಾರಕ್ಕೆ ರೆಕ್ಕೆ ಎಂದಿನಂತೆ ತೇಲಾಡದೆ ನೆಟ್ಟಗೆ ಬರುತ್ತಿತ್ತು. ಡಬ್ಬಿ ಮೇಲಕ್ಕೇರಲಿಲ್ಲ, ಕೆಳಕ್ಕೆ ಜಾರಲಿಲ್ಲ. ಅದು ಅಲ್ಲಾಡದೆ ನಿಂತಿತ್ತು. ನಿಂತ ಹಾಗೇ ದೊಡ್ಡದಾಗುತ್ತಾ ಬಂತು. ಎರಡೂ ಬ್ರೇಕು ಎಳೆದ. ಬಲಗಾಲು ಡಬ್ಬಿಯ ಮುಚ್ಚಳದ ಮೇಲೆ ಕಟಕ್ಕೆಂದು ಇಳಿಯಿತು, ಎಡಗಾಲು ಪಕ್ಕದ ಬಟ್ಟೆಗೆ. ಒಮ್ಮೆ ವಾಲಿದ. ನಿಂತ.

ಬೀಳಲಿಲ್ಲ ಎಂಬುದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೂರಲು ತಯಾರಾಗಿದ್ದ ದೇಹ ನಿಂತೇ ಇರುವುದನ್ನು ನೋಡಿ ಅವನಿಗೇ ಆಶ್ಚರ್ಯವಾಗಿತ್ತು.

ನೋರೀನ್ ಟೇಪು ಹಿಡಿದು ಬಂದವಳು ಡಬ್ಬಿಯನ್ನು ಗಂಭೀರವಾಗಿ ಪರಿಶೀಲಿಸಿದಳು. ಸ್ಪರ್ಧಿ ಮೊದಲು ಮುಟ್ಟಿದ್ದು ನೆಲವನ್ನಲ್ಲ, ಒಬ್ಬರ ಮಧ್ಯಾಹ್ನದ ಊಟವನ್ನು; ನಿಯಮದಲ್ಲಿ ಊಟದ ಪ್ರಸ್ತಾಪವಿಲ್ಲ; ಆದ್ದರಿಂದ ಎಡಗಾಲಿನಿಂದ ಅಳೆಯಬೇಕಾಗುತ್ತದೆ ಎಂದಳು. ಎಡಗಾಲು ಒಂದು ಮೊಳ ದೂರವಿತ್ತು. ನಂಜುಂಡಪ್ಪನ ಮುಖ ಬಾಡಿತು. ಟೀ ಹಿಡಿದು ಬಂದ ಪಾರ್ವತಿ ಅಲ್ಲೇ ನಿಂತಳು.

ಆಗ ಕೊಲಮ್ ವೃತ್ತಿಯ ಘನತೆಯಿಂದ ಮುಂದೆ ಬಂದ. "ನೋರೀನ್, ಹಲ್ಲಿನ ಮೇಲೆ ನಾನು ಕ್ಯಾಪ್ ಕೂರಿಸಿದರೆ ಕಚ್ಚುವುದು ಯಾವುದು? ಕ್ಯಾಪೋ, ಹಲ್ಲೋ?"

ಹಿಂದಿನ ವರ್ಷವಷ್ಟೇ ಅವನ ಬಳಿ ಕ್ಯಾಪ್ ಹಾಕಿಸಿಕೊಂಡಿದ್ದ ನೋರೀನ್ ಯೋಚಿಸಿದಳು. ಡಬ್ಬಿಯನ್ನು ಮೆಲ್ಲಗೆ ಎತ್ತಿದಳು. ಕೆಳಗಿನ ಬಿಳಿ ವೃತ್ತದ ಸರಿಯಾದ ನಡುವೆ, ಡಬ್ಬಿಯ ತಳದಿಂದ ಇಳಿದ ಒಗ್ಗರಣೆ ಎಣ್ಣೆ ಅರಿಸಿನದ ಉಂಗುರವೊಂದನ್ನು ಒತ್ತಿತ್ತು. ಮುಚ್ಚಳದ ಮೇಲೆ ನಂಜುಂಡಪ್ಪನ ಹಿಮ್ಮಡಿಯ ತಗ್ಗು, ಅದೂ ನಡುವೆಯೇ. ಆಕೆ ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡಳು. "ಸೊನ್ನೆ," ಎಂದಳು. ಗುರುತಿನಿಂದ ಎಷ್ಟು ದೂರ ಎಂದು ಅಳೆಯುವ ಈ ಆಟದಲ್ಲಿ ಸೊನ್ನೆಗಿಂತ ದೊಡ್ಡ ಅಂಕ ಇಲ್ಲ.

ಜನ ಹಗ್ಗ ದಾಟಿ ನುಗ್ಗಿದರು. ಹಿಟ್ಟು ಕೇಳಿದವರು ಹಿಟ್ಟು, ಹಪ್ಪಳ ಕೇಳಿದವರು ಹಪ್ಪಳ ಬಿಚ್ಚಿಕೊಂಡರು. ನಂಜುಂಡಪ್ಪ ಜಾಕೆಟ್ಟಿನಿಂದ ಬಾಟಲಿ ತೆಗೆದು ಆಮ್ನಾಳ ಕೈಗಿತ್ತ. ಒಂದು ಬಿರುಕೂ ಇರಲಿಲ್ಲ. ಅವಳು ಅಲ್ಲೇ ಮುಚ್ಚಳ ತಿರುವಿ, ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಅಮ್ಮನ ಕೈ," ಎಂದಳು. ಇನ್ನೊಂದು ಹೋಳು ತೆಗೆದುಕೊಂಡಳು. ನಂಜುಂಡಪ್ಪನಿಗೆ ಆ ಹೊತ್ತು ಯಾವ ಬಹುಮಾನವೂ ಬೇಡವೆನಿಸಿತು.

ಒಟ್ಟು ಅಂಕಗಳಲ್ಲಿ ಅವನು ಕೊನೆಯಿಂದ ಎರಡನೆಯವನಾದ. ಆದರೆ ಹೊಸಬರಲ್ಲಿ ಗುರುತಿಗೆ ಅತಿ ಹತ್ತಿರ ಇಳಿದವರಿಗೆಂದು ಹೊಲದ ಮಾಲೀಕರು ಒಂದು ಬಹುಮಾನ ಇಟ್ಟಿದ್ದರು. ತಮ್ಮದೇ ಕೋಳಿಗಳ ದೊಡ್ಡ ಮೊಟ್ಟೆಗಳ ಒಂದು ಟ್ರೇ. ಹೆಸರು ಕರೆದಾಗ ಪಾರ್ವತಿ ಅಭ್ಯಾಸಬಲದಿಂದ ಮುಂದೆ ಬಂದು ಟ್ರೇ ತೆಗೆದುಕೊಂಡಳು. ಕಾರಿನ ಹತ್ತಿರ ಬಂದವಳು ಬಾಗಿಲು ತೆರೆದು, ಗಂಡ ಕೂತು ಬೆಲ್ಟ್ ಹಾಕಿಕೊಳ್ಳುವವರೆಗೂ ಕಾದಳು. ಆಮೇಲೆ ಟ್ರೇಯನ್ನು ಅವನ ತೊಡೆಯ ಮೇಲಿಟ್ಟಳು.

"ನೀವೇ ಹಿಡ್ಕೊಳ್ಳಿ," ಎಂದಳು.

ಹಿಂದಿನ ಸೀಟಿನಲ್ಲಿ ಐಶು ಮೊಬೈಲಿನಿಂದ ತಲೆ ಎತ್ತಿ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಸ್ಯಾಂಟ್ರಿಯವರೆಗೂ ನಂಜುಂಡಪ್ಪ ಎರಡು ಕೈಯನ್ನೂ ಟ್ರೇಯಿಂದ ತೆಗೆಯಲಿಲ್ಲ. ಮೂಗು ತುರಿಸಿದಾಗಲೂ ತೆಗೆಯಲಿಲ್ಲ.

ಗೇಟಿನಲ್ಲಿ ಅಖ್ತರ್ ಬೇಗಂ ಕಾಯುತ್ತಿದ್ದರು. ಆಮ್ನಾ ಆಗಲೇ ಫೋನ್ ಮಾಡಿ, ಅಂಕಲ್ ಆಕಾಶದಿಂದ ಬಂದು ನಿಂತದ್ದನ್ನೂ ಉಪ್ಪಿನಕಾಯಿ ಅರ್ಧ ಖಾಲಿಯಾದದ್ದನ್ನೂ ಹೇಳಿದ್ದಳು. ಬೇಗಂ ಅವನ ಭುಜ ತಟ್ಟಿದರು. ಆಮೇಲೆ ಕಾರನ್ನು ನೋಡಿದರು. ಡಿಕ್ಕಿಯಲ್ಲಿದ್ದ ಎಂಜಿನ್ನನ್ನು ನೋಡಿದರು. ಹಳೆಯ ಹೆಡ್‌ಮಿಸ್ಸಿನ ಹುಬ್ಬು ಮೇಲೇರಿತು.

"ಅಲ್ಲಪ್ಪಾ, ಹೋಗುವಾಗ ಹಾರಿಕೊಂಡು ಹೋದವನು, ಬರುವಾಗ ಯಾಕೆ ಕಾರಲ್ಲಿ ಬಂದೆ?"

ನಂಜುಂಡಪ್ಪನ ಕಿವಿ ಕೆಂಪಾಯಿತು. ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪಾರ್ವತಿ ಕಾರಿನ ಬಾಗಿಲು ಹಾಕಿ, ಅವನ ಪಕ್ಕಕ್ಕೆ ಬಂದು ನಿಂತಳು.

"ಮೊಟ್ಟೆ ಇತ್ತಲ್ಲ ಮೇಡಂ," ಎಂದಳು. "ನಾನೇ ಬೇಡ ಅಂದೆ."